ಮೊದಲು ಬಿರಿಯುವುದು ಯಾವುದು?

ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಮನೆ ಕಟ್ಟುತ್ತಿರುವ ಜಾಗಕ್ಕೆ ಹೋಗಿ, ಕಾಂಕ್ರೀಟು ಸುರಿಯುವ ಹಿಂದಿನ ದಿನ ತೊಲೆಯ ಅಚ್ಚಿನೊಳಗೆ ಇಣುಕಿ ನೋಡಿ. ಕಬ್ಬಿಣದ ಸರಳುಗಳನ್ನು ತಂತಿಯಿಂದ ಬಿಗಿದು ಕಟ್ಟಿರುತ್ತಾರೆ. ಕಂಬದಿಂದ ಕಂಬಕ್ಕೆ ಚಾಚಿದ ಸಾದಾ ತೊಲೆಯ ನಡುಭಾಗದಲ್ಲಿ ದಪ್ಪ ಸರಳುಗಳೆಲ್ಲ ತಳದಲ್ಲಿರುತ್ತವೆ. ಮೇಲೆ ಭಾರ ಬಿದ್ದಾಗ ತೊಲೆಯ ನೆತ್ತಿ ಅದುಮಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ಅದುಮನ್ನು ತಾಳುವುದು ಕಾಂಕ್ರೀಟಿನ ಗುಣ, ಎಳೆತವನ್ನು ತಾಳುವುದು ಕಬ್ಬಿಣದ ಗುಣ. ಇಷ್ಟು ಯಾವ ಮೇಸ್ತ್ರಿಗಾದರೂ ಗೊತ್ತು.

ವಿನ್ಯಾಸ ಮಾಡುವ ಎಂಜಿನಿಯರು ಇನ್ನೂ ಒಂದು ಪ್ರಶ್ನೆ ಕೇಳಿಕೊಂಡಿರುತ್ತಾರೆ. ಈ ತೊಲೆ ಸೋಲುವ ಕಾಲ ಬಂದರೆ ಎರಡರಲ್ಲಿ ಮೊದಲು ಸೋಲುವುದು ಯಾವುದು? ಕಾಂಕ್ರೀಟು ಮೊದಲು ಸೋತರೆ ಮುನ್ಸೂಚನೆಯಿಲ್ಲದೆ ಒಮ್ಮೆಗೇ ಪುಡಿಯಾಗುತ್ತದೆ. ಕಬ್ಬಿಣ ಮೊದಲು ಸೋತರೆ ನಿಧಾನವಾಗಿ ಜಗ್ಗುತ್ತದೆ. ತೊಲೆ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ, ತಳದಲ್ಲಿ ಬಿರುಕು ತೆರೆದುಕೊಳ್ಳುತ್ತದೆ, ಮನೆಯವರಿಗೆ ಹೊರಗೆ ಬರಲು ಸಮಯ ಸಿಗುತ್ತದೆ. ಆದ್ದರಿಂದ ಕಾಂಕ್ರೀಟಿಗಿಂತ ಮೊದಲು ಕಬ್ಬಿಣವೇ ಸೋಲುವಂತೆ ವಿನ್ಯಾಸ ಮಾಡಬೇಕೆಂಬುದು ನಮ್ಮ ದೇಶದ ಕಾಂಕ್ರೀಟು ಮಾನಕವಾದ ಐಎಸ್ 456ರ ಲೆಕ್ಕದೊಳಗೇ ಅಡಗಿದೆ. ಮಿತಿಮೀರಿ ಸರಳು ತುಂಬಿದ ತೊಲೆ ಹೆಚ್ಚು ಭಾರ ಹೊತ್ತರೂ ಹೆಚ್ಚು ಅಪಾಯದ್ದು.

ಎರಡು ಬೇರೆ ಗುಣದ ವಸ್ತುಗಳನ್ನು ಕೂಡಿಸಿ ಮೂರನೆಯದೊಂದು ಗುಣ ಪಡೆಯುವ ಇಂಥ ಜೋಡಣೆಯನ್ನು ಸಂಯುಕ್ತ ವಸ್ತು, ಕಾಂಪೋಸಿಟ್ ಎನ್ನುತ್ತಾರೆ. ಅದು ಎಲ್ಲಿ, ಹೇಗೆ, ಯಾವ ಕ್ರಮದಲ್ಲಿ ಸೋಲುತ್ತದೆ ಎಂದು ಮುಂಚಿತವಾಗಿ ಹೇಳುವುದೇ ಒಂದು ಕಸುಬು. ಕಾಂಕ್ರೀಟು ಮತ್ತು ಕಬ್ಬಿಣದ ಜೋಡಿಯಲ್ಲಿ ಸೋಲುವ ದಾರಿಗಳು ಕೆಲವೇ. ಅದೇ ಪ್ರಶ್ನೆಯನ್ನು ಕಾರ್ಬನ್ ನಾರು ಮತ್ತು ಎಪಾಕ್ಸಿ ರಾಳದ ಜೋಡಿಗೆ ಕೇಳಿದರೆ ಉತ್ತರ ಹುಡುಕಲು ಒಂದು ಆಯುಷ್ಯ ಬೇಕಾಗುತ್ತದೆ. ಹಾಗೆ ಆಯುಷ್ಯ ಕೊಟ್ಟವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಅವರ ಕೆಲಸದ ಸ್ವರೂಪ ನಮ್ಮ ಓದುಗರಿಗೆ ತಿಳಿಯಬೇಕೆಂಬುದು ಈ ಲೇಖನದ ಆಸೆ.

2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಒಂದು ಪುಟ್ಟ ಯುದ್ಧವಿಮಾನವನ್ನು ಮೊದಲ ಬಾರಿಗೆ ಮೇಲಕ್ಕೇರಿಸಿದರು. ಮುಂದೆ ತೇಜಸ್ ಎಂದು ಹೆಸರಾದ ಆ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45 ಪ್ರತಿಶತ ಸಂಯುಕ್ತ ವಸ್ತು. ಹೊರಮೈಯನ್ನಷ್ಟೇ ಲೆಕ್ಕ ಹಿಡಿದರೆ 90 ಪ್ರತಿಶತಕ್ಕೂ ಹೆಚ್ಚು. ಇದರ ವಿನ್ಯಾಸದ ಹೊಣೆ 1984ರಲ್ಲಿ ಹುಟ್ಟಿದ ವೈಮಾನಿಕ ಅಭಿವೃದ್ಧಿ ಸಂಸ್ಥೆಯದು. ಕಾರ್ಬನ್ ನಾರಿನ ಭಾಗಗಳ ತಂತ್ರವನ್ನು ಕೈಗೆ ತಂದುಕೊಟ್ಟವರಲ್ಲಿ ಮುಖ್ಯರು ಕೋಡಿಹಳ್ಳಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು, ಎಲ್ಲರ ಬಾಯಲ್ಲಿ ಎನ್‌ಎಎಲ್. ತೇಜಸ್‌ನ ಬಾಲದ ಮೇಲೆ ನೆಟ್ಟಗೆ ನಿಂತಿರುವ ರೆಕ್ಕೆ ಮತ್ತು ಅದರ ಚುಕ್ಕಾಣಿ ಎನ್‌ಎಎಲ್ ಕೊಡುಗೆ. ಅದಕ್ಕೂ ಮೊದಲು, 1993ರಲ್ಲಿ, ಇದೇ ಸಂಸ್ಥೆಯ ಎರಡು ಆಸನಗಳ ‘ಹಂಸ’ ಹಾರಿತ್ತು. ಅದೂ ಸಂಯುಕ್ತ ವಸ್ತುವಿನ ವಿಮಾನವೇ.

ಆ ವರ್ಷಗಳಲ್ಲಿ, 1984ರಿಂದ 1993ರವರೆಗೆ, ಎನ್‌ಎಎಲ್ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಗಾಂಧಿ ಬಜಾರಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಹುಡುಗ. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು. ನರಸಿಂಹರ ಸ್ವಂತ ಅಧ್ಯಯನ ಗಾಳಿಯ ಹರಿವಿನದು. ಆದರೆ ಗಾಳಿ ತಳ್ಳುವ ರೆಕ್ಕೆ ಗಾಳಿಯ ಬಲಕ್ಕೆ ತಾಳಬೇಕಲ್ಲ. ಆ ಇನ್ನರ್ಧ ಕತೆ ಸಂಯುಕ್ತ ವಸ್ತುಗಳವರದು.

ಈಗ ವಸ್ತುವನ್ನೇ ಹತ್ತಿರದಿಂದ ನೋಡೋಣ. ಒಂದು ಕಾರ್ಬನ್ ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಅಂದರೆ ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟು. ಇಂಥ ಲಕ್ಷಾಂತರ ಎಳೆಗಳನ್ನು ಒಂದೇ ದಿಕ್ಕಿಗೆ ಹಾಸಿ, ಎಪಾಕ್ಸಿ ರಾಳದಲ್ಲಿ ನೆನೆಸಿದ ಹಾಳೆಯೇ ಕಚ್ಚಾ ಸಾಮಗ್ರಿ. ರಾಳ ಬೇಗ ಗಟ್ಟಿಯಾಗದಿರಲೆಂದು ಹಾಳೆಯ ಸುರುಳಿಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಟ್ಟಿರುತ್ತಾರೆ. ಬೇಕಾದ ಆಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಪದರವಾಗಿ ಹಾಸಿ, ಪದರದಿಂದ ಪದರಕ್ಕೆ ನಾರಿನ ದಿಕ್ಕು ಬದಲಿಸುತ್ತಾರೆ: ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಎರಡು 45 ಡಿಗ್ರಿ ಓರೆಗೆ, ಒಂದು ಎಡಕ್ಕೆ ಮತ್ತೊಂದು ಬಲಕ್ಕೆ. ನಂತರ ಆಟೊಕ್ಲೇವ್ ಎಂಬ ದೊಡ್ಡ ಉರುಳೆಯೊಳಗಿಟ್ಟು ಸುಮಾರು 180 ಡಿಗ್ರಿ ಶಾಖ, ಏಳು ವಾತಾವರಣದಷ್ಟು ಒತ್ತಡದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಮೇಲೆ ಒಂದೊಂದು ಪದರದ ದಪ್ಪ ಮಿಲಿಮೀಟರಿನ ಎಂಟನೇ ಒಂದು ಪಾಲಿನ ಆಸುಪಾಸು. ರೆಕ್ಕೆಯ ಹೊದಿಕೆಯಲ್ಲಿ ಇಂಥವು ಹತ್ತಾರು.

ಇದರ ಬಲ ಮತ್ತು ದೌರ್ಬಲ್ಯ ಎರಡನ್ನೂ ಒಂದೇ ಲೆಕ್ಕದಲ್ಲಿ ಹೇಳಬಹುದು. ಸಾಮಾನ್ಯ ದರ್ಜೆಯ ಕಾರ್ಬನ್-ಎಪಾಕ್ಸಿಯ ಒಂದು ಕಡ್ಡಿ ತೆಗೆದುಕೊಳ್ಳಿ, ಅಡ್ಡಕೊಯ್ತ ಒಂದು ಚದರ ಮಿಲಿಮೀಟರ್. ನಾರು ಕಡ್ಡಿಯ ಉದ್ದಕ್ಕಿದ್ದರೆ ಅದಕ್ಕೆ ಸುಮಾರು 150 ಕಿಲೊ ತೂಗುಹಾಕಬಹುದು. ಅದೇ ಕಡ್ಡಿಯಲ್ಲಿ ನಾರು ಅಡ್ಡಕ್ಕಿದ್ದರೆ 4 ಕಿಲೊಗೇ ತುಂಡಾಗುತ್ತದೆ, ಏಕೆಂದರೆ ಆಗ ಭಾರ ಹೊರುವುದು ರಾಳ ಮತ್ತು ಅದು ನಾರಿಗೆ ಅಂಟಿದ ಅಂಚು ಮಾತ್ರ. ಉಕ್ಕಿಗೆ ಒಂದು ಬಲವಿದೆ, ಯಾವ ಕಡೆಯಿಂದ ಎಳೆದರೂ ಹೆಚ್ಚುಕಡಿಮೆ ಅದೇ. ಕಾರ್ಬನ್ ನಾರಿನ ಒಂದು ಪದರವನ್ನು ಅರಿಯಲು ಕನಿಷ್ಠ ಐದು ಬಲಗಳು ಬೇಕು: ಉದ್ದಕ್ಕೆ ಎಳೆದಾಗ, ಉದ್ದಕ್ಕೆ ಅದುಮಿದಾಗ, ಅಡ್ಡಕ್ಕೆ ಎಳೆದಾಗ, ಅಡ್ಡಕ್ಕೆ ಅದುಮಿದಾಗ, ಜಾರಿಸಿದಾಗ. ಐದರ ಅಂಕಿಗಳೂ ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರ.

ಎಳೆತ ಮತ್ತು ಅದುಮಿನ ವ್ಯತ್ಯಾಸ ತಿಳಿಯಲು ತೇರಿನ ಹಗ್ಗ ಸಾಕು. ಊರೆಲ್ಲ ಸೇರಿ ಎಳೆದರೂ ಅದು ತಾಳುತ್ತದೆ. ಒಳಗಿನ ಒಂದೆರಡು ಎಳೆ ಕಿತ್ತರೂ ಅಕ್ಕಪಕ್ಕದ ಎಳೆಗಳು ಆ ಭಾರ ಹಂಚಿಕೊಳ್ಳುತ್ತವೆ. ಅದೇ ಹಗ್ಗದಿಂದ ತೇರನ್ನು ಹಿಂದಕ್ಕೆ ನೂಕಲು ಹೋದರೆ ಹಗ್ಗ ಮಡಚಿಕೊಳ್ಳುತ್ತದೆ. ಕಾರ್ಬನ್ ನಾರೂ ಹಾಗೆಯೇ. ಅದುಮನ್ನು ತಾಳಬೇಕಾದರೆ ಸುತ್ತಲಿನ ರಾಳ ಅದನ್ನು ನೆಟ್ಟಗೆ ಹಿಡಿದಿರಬೇಕು. ಹಾಸುವಾಗ ಎಳೆಗಳು ಒಂದೆರಡು ಡಿಗ್ರಿ ಅಲೆಯಾಗಿ ಕೂತಿದ್ದರೂ ಅದುಮಿದಾಗ ರಾಳ ಮಣಿಯುತ್ತದೆ, ಸಾವಿರಾರು ಎಳೆಗಳು ಒಟ್ಟಿಗೆ ಒಂದೇ ಕಡೆ ಮುರುಟಿ ಸಣ್ಣ ಪಟ್ಟಿಯಾಗಿ ಕುಸಿಯುತ್ತವೆ. ಹಾಳೆ ಹಾಸುವ ಕೆಲಸಗಾರರ ಕೈಯ ನಯ ರೆಕ್ಕೆಯ ಬಲಕ್ಕೆ ನೇರವಾಗಿ ಸೇರುವುದು ಇಲ್ಲಿಯೇ.

ಹೀಗೆ ಸೋಲಿಗೆ ಹಲವು ದಾರಿಗಳಿವೆ. ನಾರು ಎಳೆತಕ್ಕೆ ಕಿತ್ತುಹೋಗಬಹುದು. ಅದುಮಿಗೆ ಮುರುಟಬಹುದು. ನಾರುಗಳ ನಡುವಿನ ರಾಳ ಅಡ್ಡಕ್ಕೆ ಬಿರಿಯಬಹುದು ಅಥವಾ ಜಾರಿ ಸೀಳಬಹುದು. ಪದರಕ್ಕೂ ಪದರಕ್ಕೂ ನಡುವಿನ ಅಂಟು ಬಿಡಬಹುದು. ಈ ಕೊನೆಯದನ್ನು ಡಿಲ್ಯಾಮಿನೇಶನ್ ಎನ್ನುತ್ತಾರೆ, ಪದರ ಬಿಡುವುದು. ಇಲ್ಲಿ ನಾರಿನ ಶಕ್ತಿ ಯಾವ ಕೆಲಸಕ್ಕೂ ಬಾರದು, ಏಕೆಂದರೆ ಪದರಗಳ ನಡುವೆ ನಾರೇ ಇಲ್ಲ.

ಇವು ಒಂದೊಂದಾಗಿ ಬಂದಿದ್ದರೆ ಲೆಕ್ಕ ಸುಲಭವಿತ್ತು. ಆದರೆ ಒಂದು ಇನ್ನೊಂದನ್ನು ಕರೆತರುತ್ತದೆ. ಉದ್ದ, ಅಡ್ಡ, ಓರೆ ಪದರಗಳ ಹಲಗೆಯೊಂದನ್ನು ಉದ್ದಕ್ಕೆ ಎಳೆಯುತ್ತ ಹೋದರೆ ಮೊದಲು ಸೋಲುವುದು ಅಡ್ಡ ಪದರ. ಹಲಗೆ ತನ್ನ ಉದ್ದದ ಅರ್ಧ ಪ್ರತಿಶತದಷ್ಟು ಹಿಗ್ಗುವ ಹೊತ್ತಿಗೇ ಅದರ ರಾಳದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಏಳಬಹುದು. ಹಲಗೆ ಮುರಿಯುವುದಿಲ್ಲ, ಉದ್ದದ ನಾರು ಗಟ್ಟಿಯಾಗಿದೆ. ಇನ್ನಷ್ಟು ಎಳೆದರೆ ಬಿರುಕುಗಳ ಸಂಖ್ಯೆ ಹೆಚ್ಚುತ್ತದೆ, ಅವುಗಳ ತುದಿಯಲ್ಲಿ ಪದರ ಬಿಡತೊಡಗುತ್ತದೆ. ಉದ್ದದ ನಾರುಗಳು ಕಿತ್ತು ಎಲ್ಲವೂ ಮುಗಿಯುವುದು ಅದರ ನಂತರ. ಮೊದಲ ಪದರದ ಸೋಲು, ಕೊನೆಯ ಪದರದ ಸೋಲು ಎಂದು ಈ ಕಸುಬಿನವರು ಎರಡು ಗೆರೆಗಳನ್ನು ಎಳೆದಿಟ್ಟುಕೊಳ್ಳುತ್ತಾರೆ. ಭವಿಷ್ಯ ಹೇಳುವ ಕೆಲಸದ ಬಹುಪಾಲು ಆ ಎರಡು ಗೆರೆಗಳ ನಡುವೆ ನಡೆಯುತ್ತದೆ. ಇನ್ನೊಂದು ಸೋಜಿಗವೂ ಉಂಟು. ಅದೇ ಅಡ್ಡ ಪದರವನ್ನು ತೆಳ್ಳಗೆ ಮಾಡಿ ಉದ್ದದ ಪದರಗಳ ನಡುವೆ ಇಟ್ಟರೆ ಅದು ತಡವಾಗಿ ಬಿರಿಯುತ್ತದೆ. ನೆರೆಯ ಪದರಗಳು ಬಿರುಕನ್ನು ಬಾಯಿ ತೆರೆಯಗೊಡುವುದಿಲ್ಲ. ಹೀಗಾಗಿ ಪದರದ ಬಲವನ್ನು ಕೇಳಿದರೆ ಅದು ಯಾರ ನಡುವೆ ಕೂತಿದೆ ಎಂಬುದನ್ನೂ ಕೇಳಬೇಕು.

ಬಲದ ಬಗ್ಗೆ ನಮ್ಮ ತಿಳಿವಳಿಕೆ ಬದಲಾದ ಕತೆಯೂ ಸೊಗಸಾದದ್ದು. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಸ್ಥೆಯಲ್ಲಿ ಎ.ಎ. ಗ್ರಿಫಿತ್ ಗಾಜಿನ ಎಳೆಗಳನ್ನು ಎಳೆದು ಮುರಿಯುತ್ತಿದ್ದರು. ಎಳೆ ತೆಳ್ಳಗಾದಷ್ಟೂ ಚದರ ಮಿಲಿಮೀಟರಿಗೆ ಲೆಕ್ಕಹಾಕಿದ ಬಲ ಹೆಚ್ಚುತ್ತಿತ್ತು. ವಸ್ತುವನ್ನು ಮುರಿಯುವುದು ಅದರೊಳಗಿನ ಅತಿಸೂಕ್ಷ್ಮ ಬಿರುಕುಗಳು, ತೆಳು ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವಿಲ್ಲ ಎಂದು ಅವರು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. 1939ರಲ್ಲಿ ಸ್ವೀಡನ್ನಿನ ವಾಲೊಡ್ಡಿ ವೈಬುಲ್ ಅದಕ್ಕೆ ಸಂಭವನೀಯತೆಯ ಗಣಿತ ಕೊಟ್ಟರು. ಎಳೆ ಉದ್ದವಾದಷ್ಟೂ ಅದರಲ್ಲಿ ಒಂದು ಕೆಟ್ಟ ದೋಷ ಸಿಗುವ ಸಾಧ್ಯತೆ ಹೆಚ್ಚು, ಆದ್ದರಿಂದ ಉದ್ದ ಎಳೆ ಗಿಡ್ಡ ಎಳೆಗಿಂತ ದುರ್ಬಲ. ಅಲ್ಲಿಂದ ಮುಂದೆ ‘ಈ ವಸ್ತುವಿನ ಬಲ ಇಷ್ಟು’ ಎಂಬ ಮಾತು ಅರ್ಧ ಮಾತಾಯಿತು. ‘ನೂರರಲ್ಲಿ ಎಷ್ಟು ತುಂಡುಗಳು ಇಷ್ಟನ್ನು ತಾಳುತ್ತವೆ’ ಎಂದು ಹೇಳಿದರೆ ಮಾತ್ರ ಪೂರ್ತಿ.

ಐದು ಬಲಗಳು ಗೊತ್ತಿದ್ದರೂ ನಿಜವಾದ ರೆಕ್ಕೆಯಲ್ಲಿ ಒಂದೇ ಬಲ ಒಂಟಿಯಾಗಿ ಬರುವುದಿಲ್ಲ. ಎಳೆತ, ಅದುಮು, ಜಾರು ಎಲ್ಲವೂ ಒಂದೇ ಬಿಂದುವಿನಲ್ಲಿ ಬೆರೆತಿರುತ್ತವೆ. ಬೆರೆತಾಗ ಸೋಲಿನ ಗೆರೆ ಎಲ್ಲಿ? ರಾಡ್ನಿ ಹಿಲ್ 1948ರಲ್ಲಿ ಲೋಹದ ತಗಡುಗಳಿಗೆ ಬರೆದ ಸೂತ್ರವನ್ನು 1960ರ ದಶಕದಲ್ಲಿ ಸ್ಟೀಫನ್ ತ್ಸಾಯ್ ನಾರಿನ ವಸ್ತುಗಳಿಗೆ ಒಗ್ಗಿಸಿದರು. 1971ರಲ್ಲಿ ತ್ಸಾಯ್ ಮತ್ತು ಎಡ್ವರ್ಡ್ ವೂ ಎಲ್ಲ ಬಲಗಳನ್ನೂ ಒಂದೇ ಸಮೀಕರಣಕ್ಕೆ ತಂದರು. ಆ ಸಮೀಕರಣ ಚೊಕ್ಕ, ಕಂಪ್ಯೂಟರಿಗೆ ಹಿತ. ಆದರೆ ಅದು ‘ಸೋಲುತ್ತದೆ’ ಎನ್ನುತ್ತದೆಯೇ ಹೊರತು ನಾರು ಸೋತಿತೋ ರಾಳ ಸೋತಿತೋ ಹೇಳುವುದಿಲ್ಲ. 1980ರಲ್ಲಿ ಇಸ್ರೇಲಿನ ಜ್ವಿ ಹಾಶಿನ್ ನಾರಿಗೊಂದು, ರಾಳಕ್ಕೊಂದು, ಎಳೆತಕ್ಕೊಂದು, ಅದುಮಿಗೊಂದು ಎಂದು ಸೂತ್ರಗಳನ್ನು ಬಿಡಿಸಿದರು. ಜರ್ಮನಿಯ ಆಲ್ಫ್ರೆಡ್ ಪುಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾಳ ಬಿರಿಯುವ ಸಮತಲ ಯಾವ ಕೋನದಲ್ಲಿದೆ ಎಂದು ಹುಡುಕಿದರು. ಅಡ್ಡಕ್ಕೆ ಅದುಮಿದ ಪದರ 90ಕ್ಕೂ ಅಲ್ಲ 45ಕ್ಕೂ ಅಲ್ಲ, ಸುಮಾರು 53 ಡಿಗ್ರಿ ಓರೆಯಲ್ಲಿ ಸೀಳುತ್ತದೆ. ಆ ಕೋನ ಸಿಕ್ಕರೆ ಬಿರುಕು ನೆರೆಯ ಪದರವನ್ನು ಬೆಣೆಯಾಗಿ ಎತ್ತುತ್ತದೆಯೇ ಎಂಬುದೂ ತಿಳಿಯುತ್ತದೆ.

ಸಿದ್ಧಾಂತಗಳು ಹತ್ತಾರಾದವು. ಯಾವುದನ್ನು ನಂಬುವುದು? 1990ರ ದಶಕದಲ್ಲಿ ಬ್ರಿಟನ್ನಿನ ಹಿಂಟನ್, ಸೋಡನ್, ಕದ್ದೂರ್ ಎಂಬ ಮೂವರು ಒಂದು ದಿಟ್ಟ ಕೆಲಸ ಆರಂಭಿಸಿದರು. ಸಿದ್ಧಾಂತ ರಚಿಸಿದವರಿಗೇ 14 ಪರೀಕ್ಷೆಗಳ ವಿವರ ಕಳಿಸಿದರು: ವಸ್ತು ಇದು, ಪದರಗಳು ಹೀಗಿವೆ, ಭಾರ ಹೀಗೆ ಹಾಕುತ್ತೇವೆ, ಏನಾಗುತ್ತದೆ ಹೇಳಿ. ಪ್ರಯೋಗದ ಫಲಿತಾಂಶವನ್ನು ಮಾತ್ರ ಕಳಿಸಲಿಲ್ಲ. ಎಲ್ಲರೂ ತಮ್ಮ ಉತ್ತರ ಒಪ್ಪಿಸಿದ ಮೇಲೆ ಮುಚ್ಚಿಟ್ಟ ಫಲಿತಾಂಶದೊಂದಿಗೆ ಹೋಲಿಸಿದರು. ಜಗತ್ತಿನ 19 ಸಿದ್ಧಾಂತಗಳ ಈ ಹೋಲಿಕೆ 2004ರಲ್ಲಿ ಪುಸ್ತಕವಾಯಿತು. ಯಾವುದೊಂದೂ ಎಲ್ಲ ಪರೀಕ್ಷೆಗಳಲ್ಲಿ ಗೆಲ್ಲಲಿಲ್ಲ. ಅತ್ಯುತ್ತಮ ಎನಿಸಿದವೂ ಕೆಲವೆಡೆ ಬಹಳ ದೂರ ಬಿದ್ದವು. ತಮ್ಮ ಜೀವಮಾನದ ಕೆಲಸವನ್ನು ಹೀಗೆ ಕಣ್ಣು ಕಟ್ಟಿದ ಪರೀಕ್ಷೆಗೆ ಒಡ್ಡಿ, ಸೋತ ಜಾಗಗಳನ್ನು ಎಲ್ಲರೂ ನೋಡುವಂತೆ ಅಚ್ಚುಹಾಕಿಸಿದ ವಿದ್ವಾಂಸರ ಬಗ್ಗೆ ನನಗೆ ಅಪಾರ ಗೌರವ. ವಿಜ್ಞಾನದ ಶೀಲ ಅಂದರೆ ಇದೇ.

ಸೂತ್ರದ ಮೇಲೆ ಪೂರ್ತಿ ಭಾರ ಹಾಕಲಾಗದು ಎಂದಾಗ ಈ ಕಸುಬು ಇನ್ನೊಂದು ದಾರಿ ಕಟ್ಟಿಕೊಂಡಿತು: ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತ ಹೋಗುವುದು. ತಳದ ಮೆಟ್ಟಿಲಲ್ಲಿ ಕೂಪನ್ ಎಂಬ ಸಣ್ಣ ಪಟ್ಟಿಗಳು, ನೂರಾರು ಅಥವಾ ಸಾವಿರಾರು. ಅದರ ಮೇಲೆ ತೂತು ಕೊರೆದ ಪಟ್ಟಿ, ಬೋಲ್ಟು ಹಾಕಿದ ಜೋಡಣೆ, ಬಲಪಟ್ಟಿ ಅಂಟಿಸಿದ ಹಲಗೆ. ಅದರ ಮೇಲೆ ರೆಕ್ಕೆಯ ಒಂದು ಪೆಟ್ಟಿಗೆಭಾಗ. ನೆತ್ತಿಯಲ್ಲಿ ಇಡೀ ವಿಮಾನ. ಒಂದೊಂದು ಮೆಟ್ಟಿಲಿನಲ್ಲೂ ಮೊದಲು ಲೆಕ್ಕ ಹಾಕಿ ಬರೆದಿಟ್ಟು, ಆಮೇಲೆ ಮುರಿದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೊಂದದಿದ್ದರೆ ಮೇಲಿನ ಮೆಟ್ಟಿಲಿಗೆ ಹೋಗುವಂತಿಲ್ಲ.

ತಳದ ಮೆಟ್ಟಿಲನ್ನು ನೋಡಲು ದೂರ ಹೋಗಬೇಕಾಗಿಲ್ಲ. ಬನಶಂಕರಿ, ಕುಮಾರಸ್ವಾಮಿ ಲೇಔಟ್, ಬಸವನಗುಡಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಳೆದು ಮುರಿಯುವ ಯಂತ್ರಗಳಿವೆ. ಗಾಜಿನ ನಾರು, ಸೆಣಬು, ಕತ್ತಾಳೆ, ಅಡಿಕೆ ಸಿಪ್ಪೆಯ ನಾರು ಬೆರೆಸಿ ಹಲಗೆ ಮಾಡಿ ಮುರಿಯುವುದು ರಾಜ್ಯದ ಮೆಕ್ಯಾನಿಕಲ್ ವಿದ್ಯಾರ್ಥಿಗಳ ನೆಚ್ಚಿನ ಪ್ರಾಜೆಕ್ಟ್. ಕಾರ್ಬನ್ ನಾರಿನ ಪಟ್ಟಿಗೆ ಜಗತ್ತಿನಾದ್ಯಂತ ಬಳಸುವ ಅಳತೆ: 250 ಮಿ.ಮೀ. ಉದ್ದ, 15 ಮಿ.ಮೀ. ಅಗಲ, 1 ಮಿ.ಮೀ. ದಪ್ಪ. ಬೆರಳಗಲದ ಈ ಪಟ್ಟಿಯನ್ನು ಮುರಿಯಲು ಎರಡು ಟನ್ನಿಗೂ ಹೆಚ್ಚು ಬಲ ಬೇಕು. ಯಂತ್ರದ ಹಲ್ಲುಗಳು ಕಚ್ಚಿ ಪಟ್ಟಿಯನ್ನು ಗಾಯಗೊಳಿಸದಿರಲೆಂದು ಎರಡು ತುದಿಗೂ ಗಾಜಿನ ನಾರಿನ ತುಣುಕು ಅಂಟಿಸುತ್ತಾರೆ. ನಡುವೆ ಹಿಗ್ಗು ಅಳೆಯುವ ಮಾಪಕ. ಭಾರ ಏರುತ್ತಿದ್ದಂತೆ ಚಿಟಪಟ ಸದ್ದು ಶುರುವಾಗುತ್ತದೆ; ಕೊನೆಗೆ ಒಂದು ಸಿಡಿತ, ಪಟ್ಟಿ ಎಳೆಎಳೆಯಾಗಿ ಹರಡಿಕೊಳ್ಳುತ್ತದೆ. ನಡುವೆ ಮುರಿದರೆ ಆ ಅಂಕಿ ಒಪ್ಪಿಗೆ. ಹಿಡಿತದ ಬಾಯಲ್ಲಿ ಮುರಿದರೆ ಎಷ್ಟು ಒಳ್ಳೆಯ ಅಂಕಿ ಬಂದರೂ ಬಿಸಾಡಬೇಕು. ಆ ಶಿಸ್ತು ಕಲಿತ ವಿದ್ಯಾರ್ಥಿ ಈ ಕಸುಬಿನ ಬಾಗಿಲು ದಾಟಿದಂತೆ.

ಹೊಸ ಪಟ್ಟಿಯ ಬಲವನ್ನು ನೇರವಾಗಿ ವಿಮಾನಕ್ಕೆ ಬಳಸುವುದಿಲ್ಲ. ವಿಮಾನ ಮಂಗಳೂರಿನ ಮಳೆಗಾಲದಲ್ಲೂ ನಿಲ್ಲಬಹುದು, ಬೇಸಿಗೆಯ ರನ್‌ವೇಯ ಕಾವಿನಲ್ಲೂ ನಿಲ್ಲಬಹುದು. ರಾಳ ನಿಧಾನವಾಗಿ ತೇವ ಕುಡಿದು ಮೆತ್ತಗಾಗುತ್ತದೆ, ಬಿಸಿಯಲ್ಲಿ ಇನ್ನಷ್ಟು. ಅದಕ್ಕೆಂದೇ ಪಟ್ಟಿಗಳನ್ನು ಸುಮಾರು 70 ಡಿಗ್ರಿ ಶಾಖ, 85 ಪ್ರತಿಶತ ತೇವದ ಪೆಟ್ಟಿಗೆಯಲ್ಲಿ ತೂಕ ಏರುವುದು ನಿಲ್ಲುವ ತನಕ ವಾರಗಟ್ಟಲೆ ಇಟ್ಟು, ಬಿಸಿಯಲ್ಲೇ ಮುರಿದು ನೋಡುತ್ತಾರೆ. ಬಂದ ಅಂಕಿಗಳ ಸರಾಸರಿಯನ್ನೂ ತೆಗೆದುಕೊಳ್ಳುವುದಿಲ್ಲ. ನೂರರಲ್ಲಿ 90 ಪಟ್ಟಿಗಳಾದರೂ ತಾಳುತ್ತವೆ ಎಂದು 95 ಪ್ರತಿಶತ ಭರವಸೆಯಿಂದ ಹೇಳಬಹುದಾದ ಅಂಕಿ ಯಾವುದೋ ಅದು. ಒಂದು ಭಾಗ ಸೋತರೆ ವಿಮಾನವೇ ಹೋಗುವಂತಿದ್ದರೆ 90ರ ಜಾಗಕ್ಕೆ 99 ಬರುತ್ತದೆ.

ಎರಡನೇ ಮೆಟ್ಟಿಲಿನ ಬೋಲ್ಟು ತೂತು ಪುಟ್ಟದಾದರೂ ಈ ವಿದ್ಯೆಯ ಒಂದು ದೊಡ್ಡ ಅಧ್ಯಾಯ. ತೂತಿನ ಅಂಚಿನಲ್ಲಿ ಒತ್ತಡ ಸುಮಾರು ಮೂರು ಪಟ್ಟು ಏರುತ್ತದೆ. ಅಲ್ಯೂಮಿನಿಯಂ ಅಲ್ಲಿ ಸ್ವಲ್ಪ ಜಗ್ಗಿ ಭಾರವನ್ನು ಆಚೀಚೆ ಹಂಚುತ್ತದೆ. ಕಾರ್ಬನ್ ನಾರಿಗೆ ಜಗ್ಗಿ ಗೊತ್ತಿಲ್ಲ. ಹಾಗೆಂದು ಅಂಚಿನ ಒತ್ತಡ ಮಿತಿ ಮುಟ್ಟಿದ ಕ್ಷಣವೇ ಹಲಗೆ ಮುರಿಯುವುದೂ ಇಲ್ಲ. ಅಲ್ಲಿನ ಸೂಕ್ಷ್ಮ ಬಿರುಕುಗಳೇ ಒತ್ತಡವನ್ನು ಕೊಂಚ ಇಳಿಸುತ್ತವೆ. ವಿಟ್ನಿ ಮತ್ತು ನ್ಯೂಯಿಸ್ಮರ್ 1974ರಲ್ಲಿ ಒಂದು ಸರಳ ಉಪಾಯ ಕೊಟ್ಟರು. ಅಂಚಿನಲ್ಲಿ ನೋಡಬೇಡಿ, ಅಂಚಿನಿಂದ ಮಿಲಿಮೀಟರಿನಷ್ಟು ಒಳಗೆ ಒಂದು ನಿಗದಿತ ದೂರದಲ್ಲಿ ನೋಡಿ; ಅಲ್ಲಿ ಒತ್ತಡ ಮಿತಿ ಮುಟ್ಟಿದರೆ ಹಲಗೆ ಮುರಿಯುತ್ತದೆ. ಸಣ್ಣ ತೂತಿಗಿಂತ ದೊಡ್ಡ ತೂತು ಏಕೆ ಹೆಚ್ಚು ಅಪಾಯಕಾರಿ ಎಂಬುದನ್ನು ಈ ಉಪಾಯ ಥಟ್ಟನೆ ತೋರಿಸುತ್ತದೆ. ತೂತೇ ಬೇಡವೆನ್ನುವ ದಾರಿಯನ್ನು ಎನ್‌ಎಎಲ್ ಕರಗತ ಮಾಡಿಕೊಂಡಿತು. ಹೊದಿಕೆ, ಒಳಗಿನ ಅಡ್ಡಪಟ್ಟಿ, ಬಲಪಟ್ಟಿಗಳನ್ನು ಬೇರೆ ಬೇರೆ ಮಾಡಿ ಬೋಲ್ಟು ಬಿಗಿಯುವ ಬದಲು ಒಟ್ಟಿಗೇ ಬೇಯಿಸಿ ಒಂದೇ ಮೈಯಾಗಿ ಹೊರತೆಗೆಯುವ ತಂತ್ರ ಅದು. ತೇಜಸ್‌ನಲ್ಲಿ ಸಾವಿರಾರು ಬೋಲ್ಟುಗಳು ಇದರಿಂದ ಕಡಿಮೆಯಾದವು, ಬಿರುಕು ಹುಟ್ಟುವ ಅಷ್ಟೇ ಜಾಗಗಳೂ ಇಲ್ಲವಾದವು.

ಆದರೂ ಈ ವಸ್ತುವಿಗೆ ಒಂದು ಗುಪ್ತ ಶತ್ರು ಉಂಟು: ಸಣ್ಣ ಪೆಟ್ಟು. ರಿಪೇರಿ ಮಾಡುವವರ ಕೈಯಿಂದ ಸ್ಪ್ಯಾನರ್ ಜಾರಿ ರೆಕ್ಕೆಯ ಮೇಲೆ ಬಿತ್ತೆನ್ನಿ. ಲೋಹವಾದರೆ ತಗ್ಗು ಬಿದ್ದು ಸುಳಿವು ಕೊಡುತ್ತಿತ್ತು. ಕಾರ್ಬನ್ ಹೊದಿಕೆಯ ಮೇಲ್ಮೈಯಲ್ಲಿ ಕಂಡೂ ಕಾಣದಂಥ ಗುರುತು ಮಾತ್ರ. ಒಳಗೆ ಪದರಗಳು ಬಿಟ್ಟಿರುತ್ತವೆ, ಮೇಲಿನಿಂದ ಕೆಳಕ್ಕೆ ಹೋದಂತೆ ಇನ್ನೂ ಅಗಲವಾಗಿ. ಎಳೆತಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಅದುಮಿದಾಗ ಬಿಟ್ಟ ಪದರಗಳು ಒಂದೊಂದೂ ಬೇರೆ ಬೇರೆಯಾಗಿ ಬಾಗಿ, ಬಲ ಅರ್ಧಕ್ಕೂ ಇಳಿಯಬಹುದು. ಇದನ್ನು ಅಳೆಯಲು 150 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಹಲಗೆಯ ಮೇಲೆ ತೂಕ ಬೀಳಿಸಿ, ಆಮೇಲೆ ಅದುಮಿ ಮುರಿಯುತ್ತಾರೆ. ವಿನ್ಯಾಸದ ನಿಯಮ ಈ ಸತ್ಯದಿಂದಲೇ ಹುಟ್ಟಿದೆ: ಕಣ್ಣಿಗೆ ಕಾಣದ ಪೆಟ್ಟು ಈಗಾಗಲೇ ಬಿದ್ದಿದೆ ಎಂದು ಭಾವಿಸಿ, ಅದರೊಂದಿಗೇ ವಿಮಾನ ತನ್ನ ಪೂರ್ತಿ ಭಾರ ಹೊರಬೇಕು. ನಾರು ನೂರಕ್ಕೆ ಒಂದು ಪಾಲಿಗೂ ಮೀರಿ ಹಿಗ್ಗಬಲ್ಲದಾದರೂ ರೆಕ್ಕೆಯಲ್ಲಿ ಅದನ್ನು ಅರ್ಧ ಪಾಲಿಗಿಂತಲೂ ಕೆಳಗೆ ಹಿಡಿದಿಡುವುದಕ್ಕೆ ಮುಖ್ಯ ಕಾರಣ ಇದು. ಕಾಣದ್ದನ್ನು ಹುಡುಕಲು ಶ್ರವಣಾತೀತ ಧ್ವನಿಯಿಂದ ಮೇಲ್ಮೈಯ ಇಂಚಿಂಚನ್ನೂ ಶೋಧಿಸಿ ಬಣ್ಣದ ನಕ್ಷೆ ಬರೆಯುವ ಯಂತ್ರಗಳಿವೆ. ಅನುಭವಿ ತಂತ್ರಜ್ಞರು ನಾಣ್ಯದಂಥ ಪುಟ್ಟ ಲೋಹದಿಂದ ತಟ್ಟುತ್ತ ಹೋಗಿ, ಸದ್ದು ಮಂದವಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುವುದೂ ಇಂದಿಗೂ ನಡೆಯುತ್ತದೆ.

ವಸ್ತುವಿನ ಸದ್ದಿಗೆ ಇನ್ನೂ ಆಳವಾದ ಅರ್ಥವಿದೆ. ಜರ್ಮನಿಯ ಜೋಸೆಫ್ ಕೈಸರ್ 1950ರಲ್ಲಿ ಒಂದು ಸಂಗತಿ ಗುರುತಿಸಿದರು. ಒಮ್ಮೆ ಒಂದು ಭಾರ ತಿಂದು ಸದ್ದು ಮಾಡಿದ ವಸ್ತುವಿಗೆ ಮತ್ತೆ ಭಾರ ಹಾಕಿದರೆ, ಹಿಂದಿನ ಗರಿಷ್ಠ ಭಾರ ದಾಟುವ ತನಕ ಅದು ಮೌನವಾಗಿರುತ್ತದೆ. ಸಂಯುಕ್ತ ವಸ್ತು ಆರೋಗ್ಯವಾಗಿದ್ದರೆ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಳ್ಳುತ್ತದೆ. ಹಿಂದಿನ ಭಾರಕ್ಕಿಂತ ಬಹಳ ಕೆಳಗೇ ಸದ್ದು ಶುರುವಾಯಿತೆಂದರೆ ಒಳಗೆ ಹಾನಿ ಬೆಳೆಯುತ್ತಿದೆ ಎಂದರ್ಥ.

ಆ ಸದ್ದನ್ನು ಕೇಳಿಯೂ ಅರ್ಥಮಾಡಿಕೊಳ್ಳದ ದುರಂತ 2023ರ ಜೂನ್ 18ರಂದು ನಡೆಯಿತು. ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟ ಟೈಟನ್ ಎಂಬ ಮುಳುಗುನೌಕೆ ಅಟ್ಲಾಂಟಿಕ್‌ನ ಆಳದಲ್ಲಿ ಕುಸಿದು ಐವರು ಸತ್ತರು. ಅದರ ದೇಹ ಸುಮಾರು 5 ಇಂಚು ದಪ್ಪದ ಕಾರ್ಬನ್ ನಾರಿನ ಕೊಳವೆ. ಸುಮಾರು 3800 ಮೀಟರ್ ಆಳದ ನೀರು ಅದನ್ನು ಎಲ್ಲ ಕಡೆಯಿಂದ ಅದುಮುತ್ತದೆ, ಅಂದರೆ ಈ ವಸ್ತುವಿಗೆ ಅತಿ ಕಷ್ಟದ ದಾರಿಯಲ್ಲೇ. ಹಿಂದಿನ ವರ್ಷ, 2022ರ ಜುಲೈಯಲ್ಲಿ, 80ನೇ ಮುಳುಗಿನಿಂದ ಮೇಲೆ ಬರುವಾಗ ದೊಡ್ಡದೊಂದು ಸಿಡಿತ ಕೇಳಿಸಿತ್ತು. ಅದಾದ ಮೇಲೆ ಹಿಗ್ಗುಕುಗ್ಗಿನ ಮಾಪಕಗಳು ಬೇರೆ ರೀತಿ ನಡೆದುಕೊಂಡವು. ಪದರ ಬಿಟ್ಟಿತ್ತು ಎಂದು ಅಮೆರಿಕದ ತನಿಖಾ ಮಂಡಳಿ ತೀರ್ಮಾನಿಸಿತು. ನೌಕೆಯಲ್ಲಿ ಸದ್ದು ಕೇಳುವ ಉಪಕರಣವಿತ್ತು, ಅದರ ಕೆಳಗಿನ ಮೆಟ್ಟಿಲುಗಳು ಸಾಕಷ್ಟಿರಲಿಲ್ಲ. ಅಂಥದೇ ದೇಹಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಅದುಮಿ ಮುರಿದು, ಯಾವ ಸದ್ದಿನ ನಂತರ ಎಷ್ಟು ಆಯುಷ್ಯ ಉಳಿದಿದೆ ಎಂದು ತಿಳಿದವರಿಗೆ ಮಾತ್ರ ಆ ಸದ್ದು ಮಾತಾಡುತ್ತದೆ.

ಅದಕ್ಕೆ ಎದುರಾದ ಇನ್ನೊಂದು ದುರಂತವನ್ನೂ ಹೇಳಬೇಕು. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಏರಿದ ಅಮೆರಿಕನ್ ಏರ್‌ಲೈನ್ಸ್‌ನ 587 ಸಂಖ್ಯೆಯ ಹಾರಾಟದ ಏರ್‌ಬಸ್ ವಿಮಾನದ ಬಾಲದ ನೆಟ್ಟ ರೆಕ್ಕೆ ಕಿತ್ತುಬಂದು, ನೆಲದಲ್ಲಿದ್ದ ಐವರೂ ಸೇರಿ 265 ಜನ ಸತ್ತರು. ಆ ರೆಕ್ಕೆ ಸಂಯುಕ್ತ ವಸ್ತುವಿನದಾದ್ದರಿಂದ ವಸ್ತುವೇ ಮೋಸ ಮಾಡಿತೆಂಬ ಅನುಮಾನ ಎದ್ದಿತು. ವಿಮಾನದ ಆಯುಷ್ಯದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ತಾಳಬೇಕೆಂಬುದು ನಿಯಮ. ಚುಕ್ಕಾಣಿಯನ್ನು ಎಡಬಲಕ್ಕೆ ಜೋರಾಗಿ ತಿರುಗಿಸಿದ್ದರಿಂದ ಆ ರೆಕ್ಕೆಯ ಮೇಲೆ ಗರಿಷ್ಠ ಭಾರದ ಸುಮಾರು ಎರಡು ಪಟ್ಟು ಬಿದ್ದಿತ್ತೆಂದು ತನಿಖೆ ತೋರಿಸಿತು. ರೆಕ್ಕೆಯನ್ನು ದೇಹಕ್ಕೆ ಹಿಡಿದಿಡುವ ಕಿವಿಗಳಂಥವನ್ನೇ ಪ್ರಯೋಗಾಲಯದಲ್ಲಿ ಮುರಿದಾಗ ಫಲಿತಾಂಶ ಲೆಕ್ಕಕ್ಕೆ ಹೊಂದಿತು. ಸತ್ತವರ ಮನೆಗೆ ಇದು ಸಮಾಧಾನವಲ್ಲ. ಆದರೆ ಆ ಲೆಕ್ಕ ಸರಿಯಿದ್ದುದರಿಂದಲೇ ತನಿಖೆ ವಸ್ತುವನ್ನು ಬಿಟ್ಟು ಪೈಲಟ್ ತರಬೇತಿ ಮತ್ತು ಚುಕ್ಕಾಣಿಯ ಸೂಕ್ಷ್ಮತೆಯತ್ತ ತಿರುಗಿತು.

ಈ ಕಸುಬಿನ ಬಗ್ಗೆ ನಾನು ಓದಿದಷ್ಟೂ ಬಲವಾದ ನಂಬಿಕೆ ಒಂದೇ. ಯಂತ್ರ ಕೊಳ್ಳಬಹುದು, ಕಾರ್ಬನ್ ಎಳೆ ಕೊಳ್ಳಬಹುದು, ಸಮೀಕರಣ ಬಿಡಿಸುವ ಸಾಫ್ಟ್‌ವೇರ್ ಕೊಳ್ಳಬಹುದು. ಸೋಲಿನ ತಿಳಿವಳಿಕೆಯನ್ನು ಕೊಳ್ಳಲು ಬರುವುದಿಲ್ಲ. ಅದೇ ನಾರು, ಅದೇ ರಾಳ ತಂದರೂ ನಮ್ಮ ಆಟೊಕ್ಲೇವಿನ ಶಾಖ, ನಮ್ಮ ಕೆಲಸಗಾರರ ಕೈ, ನಮ್ಮ ಗಾಳಿಯ ತೇವ ಬೇರೆ. ಬೇರೆಯವರು ಮುರಿದು ಬರೆದ ಅಂಕಿ ನಮ್ಮ ರೆಕ್ಕೆಗೆ ಸಾಕ್ಷಿ ಹೇಳಲಾರದು. ಪ್ರತಿ ಕಾರ್ಯಾಗಾರವೂ ತನ್ನ ಪಟ್ಟಿಗಳನ್ನು ತಾನೇ ಮಾಡಿ, ತಾನೇ ಮುರಿದು, ತಾನೇ ಬರೆದಿಡಬೇಕು. ಎನ್‌ಎಎಲ್, ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಚ್‌ಎಎಲ್ ದಶಕಗಳ ಕಾಲ ಮಾಡಿದ್ದು ಈ ಕೆಲಸ. ನಗರದ ದಕ್ಷಿಣದಂಚಿನ ಜಿಗಣಿಯವರೆಗೆ ಇಂದು ಸಂಯುಕ್ತ ವಸ್ತುವಿನ ವಿಮಾನಭಾಗ ಮಾಡುವ ಕಾರ್ಖಾನೆಗಳು ಹರಡಿವೆ. ಮುಂದೆ ಬರಲಿರುವ ಆಮ್ಕಾ ಯುದ್ಧವಿಮಾನಕ್ಕೆ ಇನ್ನೂ ದೊಡ್ಡ, ಇನ್ನೂ ಜಟಿಲ ಭಾಗಗಳು ಬೇಕು, ಅವಕ್ಕೆ ಇನ್ನೂ ಸಾವಿರಾರು ಪಟ್ಟಿಗಳನ್ನು ಮುರಿಯಬೇಕು. ಬನಶಂಕರಿಯ ಕಾಲೇಜಿನಲ್ಲಿ ಅಡಿಕೆ ನಾರಿನ ಹಲಗೆ ಮುರಿದು, ಹಿಡಿತದ ಬಾಯಲ್ಲಿ ಮುರಿದ ಪಟ್ಟಿಯ ಅಂಕಿಯನ್ನು ಪ್ರಾಮಾಣಿಕವಾಗಿ ಹೊಡೆದುಹಾಕುವ ಹುಡುಗ ಹುಡುಗಿಯರೇ ಆ ಪಟ್ಟಿಗಳನ್ನು ಮುರಿಯಬೇಕಾದವರು. ಅವರಿಗೆ ಒಳ್ಳೆಯ ಪ್ರಯೋಗಾಲಯ, ಸಮಯ, ಮತ್ತು ಮುರಿದದ್ದನ್ನು ಕೂತು ನೋಡುವ ಮೇಷ್ಟ್ರುಗಳನ್ನು ಒದಗಿಸುವುದು ನಾವು ಮಾಡಬಹುದಾದ ದೊಡ್ಡ ಹೂಡಿಕೆ.